ಆಗಿಹೋದದ್ದನ್ನು ಮರಳಿ ಕಟ್ಟುವ ಯಂತ್ರ: ವಿಡಿಯೊ ಗೇಮ್ ಕಥನದಲ್ಲಿ ಗತಕಾಲ



ಕಥನ ಕಲೆಯನ್ನು ಕುರಿತ ಈ ಉಪನ್ಯಾಸಕ್ಕೆ ವಿಡಿಯೊ ಗೇಮನ್ನು ವಿಷಯವಾಗಿ ಆರಿಸಿಕೊಳ್ಳಲು ಸಂಘಟಕರು ತುಂಬು ಮನಸ್ಸಿನಿಂದ ಒಪ್ಪಿದರು. ಅವರಿಗೆ ನಾನು ಋಣಿ. ಕಾದಂಬರಿಯನ್ನು, ನಾಟಕವನ್ನು, ಸಿನಿಮಾವನ್ನು ಎಷ್ಟು ಶ್ರದ್ಧೆಯಿಂದ ಓದುತ್ತೇವೆಯೋ ಅಷ್ಟೇ ಶ್ರದ್ಧೆಯಿಂದ ಗೇಮ್‌ಗಳನ್ನೂ ಓದಬೇಕು ಎಂಬುದು ನನ್ನ ನಂಬಿಕೆ. ನಮ್ಮ ಮಕ್ಕಳ ಮನಸ್ಸಿನಲ್ಲಿ ಗತಕಾಲದ ಚಿತ್ರ ಮೂಡುತ್ತಿರುವುದು ಪಠ್ಯಪುಸ್ತಕದಿಂದ ಮಾತ್ರವಲ್ಲ. ಅವರ ಕೈಯಲ್ಲಿರುವ ಪರದೆಯಿಂದಲೂ ಹೌದು.

ಕಥೆ ಹೇಳುವ ಎಲ್ಲರಿಗೂ ಎದುರಾಗುವ ಒಂದು ಕಷ್ಟವಿದೆ. ಹಿಂದೆ ಎಂದೋ ನಡೆದದ್ದನ್ನು ಈಗ, ಕಣ್ಣೆದುರು, ಹೇಗೆ ನಡೆಸುವುದು? ಕಾದಂಬರಿಕಾರನಿಗೆ ಒಂದು ವಾಕ್ಯ ಸಾಕು. ಸಿನಿಮಾಕ್ಕೆ ಫ್ಲ್ಯಾಶ್‌ಬ್ಯಾಕ್ ಇದೆ. ಗೇಮಿನಲ್ಲಿ ಇದು ಕಗ್ಗಂಟು. ಆಗಿಹೋದದ್ದನ್ನು ಬದಲಿಸಲಾಗದು, ಆದರೆ ಆಟಗಾರ ಬಂದಿರುವುದೇ ಏನಾದರೂ ಮಾಡಲು. ಅವನಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟರೆ ನಡೆದ ಕಥೆ ಕೆಡುತ್ತದೆ. ಸುಮ್ಮನೆ ಕೂತು ನೋಡು ಎಂದರೆ ಆಟ ಕೆಡುತ್ತದೆ. ಈ ಇಕ್ಕಟ್ಟಿನಿಂದ ಹೊರಬರಲು ಗೇಮ್ ಕಟ್ಟುವವರು ಕಥೆಯ ಒಳಗೇ ಕಾಲ್ಪನಿಕ ಯಂತ್ರಗಳನ್ನು ತಂದಿಟ್ಟರು. ಪೂರ್ವಜರ ನೆನಪನ್ನು ಓದುವ ಯಂತ್ರ, ಹೆಣದ ಕೊನೆಯ ಗಳಿಗೆಯನ್ನು ತೋರಿಸುವ ಗಡಿಯಾರ, ಖಾಲಿ ಕೋಣೆಯಲ್ಲಿ ಹಳೆಯ ಮಾತುಕತೆಯನ್ನು ಮತ್ತೆ ನಡೆಸುವ ಸಾಧನ.

ಈ ಯಂತ್ರಗಳ ಬಗ್ಗೆ ನಾನು ಇಂದು ಹೇಳಬೇಕಾದದ್ದು ಒಂದೇ ಮಾತು. ಅವು ಎಷ್ಟನ್ನು ತೋರಿಸುತ್ತವೆ ಎಂಬುದರಿಂದ ಅವುಗಳ ಬೆಲೆ ಕಟ್ಟಬಾರದು. ಏನನ್ನು ತೋರಿಸಲಾರೆವು ಎಂಬುದನ್ನು ಎಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತವೆ ಎಂಬುದರಿಂದ ಕಟ್ಟಬೇಕು. ಯಂತ್ರ ಬಿಟ್ಟ ಖಾಲಿ ಜಾಗದಲ್ಲೇ ಆಟಗಾರನ ಬುದ್ಧಿಗೆ ಕೆಲಸ, ಕಥೆಗಾರನ ಕಲೆಗೆ ನೆಲೆ.

1. ಅನಿಮಸ್: ಆಟದ ನಿಯಮವೇ ಕಥೆಯ ನಿಯಮ

ಹೆಚ್ಚು ಜನರಿಗೆ ಗೊತ್ತಿರುವ ಉದಾಹರಣೆಯಿಂದ ಶುರುಮಾಡುತ್ತೇನೆ. ಯೂಬಿಸಾಫ್ಟ್‌ನ ಮಾಂಟ್ರಿಯಲ್ ಸ್ಟುಡಿಯೊ 2007ರಲ್ಲಿ 'ಅಸ್ಯಾಸಿನ್ಸ್ ಕ್ರೀಡ್' ಹೊರತಂದಿತು. ಜಾಹೀರಾತಿನಲ್ಲಿ ಕಂಡದ್ದು ಮೂರನೆಯ ಕ್ರುಸೇಡಿನ ಕಾಲದ, 1191ರ ಡಮಾಸ್ಕಸ್, ಏಕರ್, ಜೆರುಸಲೇಮ್ ನಗರಗಳು. ಬಿಳಿ ಮುಸುಕಿನ ಆಲ್ಟೈರ್ ಎಂಬ ಹಂತಕ. ಆಟ ತೆರೆದರೆ ಮಾತ್ರ ನಾವಿರುವುದು 2012ರಲ್ಲಿ. ಡೆಸ್ಮಂಡ್ ಮೈಲ್ಸ್ ಎಂಬ ಬಾರ್ ಕೆಲಸಗಾರನನ್ನು ಆ್ಯಬ್‌ಸ್ಟರ್ಗೊ ಎಂಬ ಕಂಪನಿ ಹಿಡಿದು ತಂದು ಒಂದು ಯಂತ್ರದ ಮೇಲೆ ಮಲಗಿಸಿದೆ. ಅದರ ಹೆಸರು ಅನಿಮಸ್. ಡೆಸ್ಮಂಡನ ಡಿಎನ್ಎಯಲ್ಲಿ ಅಡಗಿರುವ ಪೂರ್ವಜರ ನೆನಪನ್ನು ಅದು ಹೊರತೆಗೆಯುತ್ತದೆ ಎಂಬುದು ಕಲ್ಪನೆ. ವಿಜ್ಞಾನದಲ್ಲಿ ಇದಕ್ಕೆ ಆಧಾರವಿಲ್ಲ. ಅಜ್ಜ ನಡೆದ ಬೀದಿ, ಆಡಿದ ಮಾತು ಮೊಮ್ಮಗನ ವಂಶವಾಹಿಯಲ್ಲಿ ಬರೆದಿರುವುದಿಲ್ಲ.

ಆದರೆ ಕಥನದ ದೃಷ್ಟಿಯಿಂದ ಅನಿಮಸ್ ದೊಡ್ಡ ಉಪಾಯ. ಬೇರೆ ಗೇಮ್‌ಗಳಲ್ಲಿ ಪಾತ್ರ ಸತ್ತರೆ ಆಟ ಮತ್ತೆ ಶುರುವಾಗುತ್ತದೆ. ಏಕೆಂದು ಯಾರೂ ಕೇಳುವುದಿಲ್ಲ. ಇಲ್ಲಿ ಅದಕ್ಕೂ ಉತ್ತರವಿದೆ. ಆಲ್ಟೈರ್ ಆ ಜಾಗದಲ್ಲಿ ಸಾಯಲಿಲ್ಲ. ನೀವು ಸತ್ತರೆ ನೀವು ನೆನಪಿನಿಂದ ದೂರ ಸರಿದಿರಿ ಎಂದರ್ಥ. ಯಂತ್ರ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಬೀದಿಯಲ್ಲಿ ಅಮಾಯಕರನ್ನು ಕೊಂದರೆ, ಆಲ್ಟೈರ್ ಹಾಗೆ ಮಾಡಿರಲಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ನಗರದ ಒಂದು ಭಾಗಕ್ಕೆ ಹೋಗಲಾಗದಿದ್ದರೆ ಆ ನೆನಪು ಇನ್ನೂ ತೆರೆದಿಲ್ಲ ಎಂದು ತಿಳಿಯಬೇಕು. ಪರದೆಯ ಮೂಲೆಯಲ್ಲಿರುವ ಜೀವದ ಪಟ್ಟಿ ಕೂಡ ದೇಹದ ಬಲವನ್ನು ಅಳೆಯುವುದಿಲ್ಲ. ನೀವು ಪೂರ್ವಜನ ಬದುಕಿಗೆ ಎಷ್ಟು ಹತ್ತಿರವಿದ್ದೀರಿ ಎಂಬುದನ್ನು ಅಳೆಯುತ್ತದೆ. ಆಟದ ಪ್ರತಿಯೊಂದು ನಿಯಮವೂ ಕಥೆಯೊಳಗೆ ಹೀಗೆ ಅರ್ಥ ಪಡೆಯಿತು. ಗತವನ್ನು ಬದಲಿಸಬಾರದು, ಆದರೂ ನಾನೇ ನಡೆಸಬೇಕು ಎಂಬ ಇಕ್ಕಟ್ಟು ಒಂದೇ ಏಟಿಗೆ ಬಗೆಹರಿಯಿತು.

ಇದರ ಜೊತೆಗೆ ಒಂದು ಅಪಾಯವೂ ಹುಟ್ಟಿತು. ಅನಿಮಸ್ ತೋರಿಸುವುದೆಲ್ಲ ಸಾಕ್ಷಾತ್ ನಡೆದದ್ದು ಎಂಬ ಭಾವನೆ ಆಟಗಾರನಲ್ಲಿ ಬೇರೂರುತ್ತದೆ. ಯಂತ್ರಕ್ಕೆ ಅನುಮಾನವಿಲ್ಲ. ಅದು ಹೀಗಿರಬಹುದು ಎನ್ನುವುದಿಲ್ಲ, ಹೀಗಿತ್ತು ಎನ್ನುತ್ತದೆ. ಬೇರೆ ಗೇಮ್‌ಗಳ ಯಂತ್ರಗಳೂ ಹೀಗೆಯೇ. 2013ರ 'ಬ್ಯಾಟ್‌ಮ್ಯಾನ್: ಆರ್ಕಮ್ ಒರಿಜಿನ್ಸ್'ನಲ್ಲಿ ಅಪರಾಧ ನಡೆದ ಸ್ಥಳವನ್ನು ಸ್ಕ್ಯಾನ್ ಮಾಡಿ ಇಡೀ ಘಟನೆಯನ್ನು ಹಿಂದಕ್ಕೆ ಮುಂದಕ್ಕೆ ಓಡಿಸಬಹುದು. 2018ರ 'ಡೆಟ್ರಾಯಿಟ್: ಬಿಕಮ್ ಹ್ಯೂಮನ್'ನಲ್ಲಿ ಕಾನರ್ ಎಂಬ ಆ್ಯಂಡ್ರಾಯ್ಡ್ ಪತ್ತೆದಾರ ರಕ್ತದ ಕಲೆ, ಬಿದ್ದ ಬಂದೂಕು ಇಷ್ಟರಿಂದಲೇ ಗೆರೆಗೊಂಬೆಗಳ ದೃಶ್ಯ ಕಟ್ಟುತ್ತಾನೆ. ನೋಡಲು ಸೊಗಸು. ಆದರೆ ಊಹಿಸುವ ಕೆಲಸವನ್ನು ಯಂತ್ರವೇ ಮುಗಿಸಿಬಿಟ್ಟಿರುತ್ತದೆ. ಗುರುತು ಹಾಕಿದ ಜಾಗಕ್ಕೆ ಹೋಗಿ ಬಟನ್ ಒತ್ತಿದರೆ ಸತ್ಯ ಸಿದ್ಧ. ತಪ್ಪಾಗಿ ತಿಳಿಯುವ ಅವಕಾಶವೇ ಇಲ್ಲದ ಕಡೆ ತಿಳಿದುಕೊಂಡ ಸಂತೋಷವೂ ಇರುವುದಿಲ್ಲ.

2. ಒಬ್ರಾ ಡಿನ್: ತೋರಿಸದ ಗಡಿಯಾರ

ಈಗ ಇನ್ನೊಂದು ಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಲ್ಯೂಕಸ್ ಪೋಪ್ ಹೆಚ್ಚುಕಡಿಮೆ ಒಬ್ಬರೇ ಕಟ್ಟಿ 2018ರಲ್ಲಿ ಹೊರತಂದ ಗೇಮ್ 'ರಿಟರ್ನ್ ಆಫ್ ದ ಒಬ್ರಾ ಡಿನ್'. ಹಳೆಯ ಕಂಪ್ಯೂಟರ್ ಪರದೆಯಂತೆ ಇಡೀ ಲೋಕ ಎರಡೇ ಬಣ್ಣದ ಚುಕ್ಕಿಗಳಲ್ಲಿದೆ. ಕಾಲ 1807. ಐದು ವರ್ಷದ ಹಿಂದೆ ಲಂಡನ್ನಿನಿಂದ ಪೂರ್ವದ ಕಡೆಗೆ ಹೊರಟು ಕಾಣೆಯಾಗಿದ್ದ ಒಬ್ರಾ ಡಿನ್ ಎಂಬ ವ್ಯಾಪಾರಿ ಹಡಗು, ಒಬ್ಬ ನಾವಿಕನೂ ಕಾಣದೆ, ಹರಿದ ಹಾಯಿಗಳೊಂದಿಗೆ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತೇಲಿ ಬಂದಿದೆ. ಆಟಗಾರ ಈಸ್ಟ್ ಇಂಡಿಯಾ ಕಂಪನಿಯ ವಿಮಾ ಪರಿಶೀಲಕ. ಹಡಗಿನಲ್ಲಿದ್ದ 60 ಮಂದಿಯೂ ಏನಾದರು ಎಂದು ಲೆಕ್ಕ ಒಪ್ಪಿಸುವುದು ಅವರ ಕೆಲಸ.

ಕೈಯಲ್ಲಿ ಎರಡು ವಸ್ತುಗಳಿವೆ. ಒಂದು ಪುಸ್ತಕ, ಅದರಲ್ಲಿ 60 ಹೆಸರು, ಹುದ್ದೆ, ದೇಶಗಳ ಪಟ್ಟಿ ಮತ್ತು ಹಡಗಿನಲ್ಲೇ ಇದ್ದ ಕಲಾವಿದನೊಬ್ಬ ಬರೆದ ಗುಂಪುಚಿತ್ರಗಳು. ಇನ್ನೊಂದು ಗಡಿಯಾರ. ಹೆಣದ ಬಳಿ, ಅಥವಾ ಉಳಿದ ಎಲುಬಿನ ಬಳಿ, ಅದನ್ನು ತೆರೆದರೆ ಮೊದಲು ಪರದೆ ಕಪ್ಪಾಗುತ್ತದೆ. ಸಾವಿಗೆ ಮುಂಚಿನ ಕೆಲವು ಕ್ಷಣಗಳ ಸದ್ದು ಮಾತ್ರ ಕೇಳುತ್ತದೆ: ಬಾಗಿಲು ಬಡಿತ, ಬೈಗುಳ, ಗುಂಡಿನ ಶಬ್ದ. ಆಮೇಲೆ ಸಾವಿನ ಆ ಒಂದು ಕ್ಷಣ ಕಲ್ಲಾಗಿ ನಿಲ್ಲುತ್ತದೆ. ಬಂದೂಕಿನ ಕಿಡಿ ಗಾಳಿಯಲ್ಲಿ, ಬೀಳುತ್ತಿರುವವನ ಕೈ ಅರ್ಧದಲ್ಲಿ, ಸಮುದ್ರದ ನೀರು ಚಿಮ್ಮಿದಲ್ಲೇ. ಆ ದೃಶ್ಯದ ಒಳಗೆ ನಾವು ನಡೆದಾಡಬಹುದು, ಏನನ್ನೂ ಮುಟ್ಟಲಾಗದು.

ಗಡಿಯಾರ ಯಾರ ಹೆಸರನ್ನೂ ಹೇಳುವುದಿಲ್ಲ. ಸತ್ತವನು ಯಾರು, ಹೇಗೆ ಸತ್ತ, ಕೊಂದವನಿದ್ದರೆ ಯಾರು, ಇದನ್ನು ನಾವೇ ಪುಸ್ತಕದಲ್ಲಿ ತುಂಬಬೇಕು. ಆಧಾರ? ಮಾತಿನ ಉಚ್ಚಾರ, ತೊಟ್ಟ ಬಟ್ಟೆ, ಯಾರ ಪಕ್ಕ ಯಾರು ನಿಂತಿದ್ದಾರೆ ಎಂಬುದು. ಮಲಗುವ ತೂಗುಹಾಸಿಗೆಗೆ ಕಟ್ಟಿದ ಸಂಖ್ಯೆ ಪಟ್ಟಿಯ ಕ್ರಮಸಂಖ್ಯೆಗೆ ಹೊಂದುತ್ತದೆ ಎಂದು ಹೊಳೆದ ಕ್ಷಣ ಎಷ್ಟೋ ಮುಖಗಳಿಗೆ ಹೆಸರು ಸಿಗುತ್ತದೆ. ಗುಂಪುಚಿತ್ರದಲ್ಲಿ ಒಬ್ಬನನ್ನು ಗುರುತಿಸುವಷ್ಟು ಸಾಕ್ಷ್ಯ ಸಿಗುವವರೆಗೆ ಅವನ ಮುಖ ಮಸುಕಾಗಿಯೇ ಇರುತ್ತದೆ. ಮೂರು ಮಂದಿಯ ವಿವರ ಪೂರ್ಣ ಸರಿಯಾದ ಮೇಲಷ್ಟೇ ಪುಸ್ತಕ ಅದನ್ನು ಖಚಿತಪಡಿಸುತ್ತದೆ. ಒಂದೊಂದಾಗಿ ಊಹಿಸಿ ಪಾರಾಗುವ ದಾರಿಯನ್ನು ಅದು ಕಿರಿದು ಮಾಡಿದೆ.

ಇತಿಹಾಸದ ತತ್ತ್ವಜ್ಞಾನಿ ಆರ್. ಜಿ. ಕಾಲಿಂಗ್‌ವುಡ್ ಅವರ ಪ್ರಸಿದ್ಧ ಗ್ರಂಥ 'ದಿ ಐಡಿಯಾ ಆಫ್ ಹಿಸ್ಟರಿ' ಅವರು ತೀರಿಕೊಂಡ ಮೇಲೆ 1946ರಲ್ಲಿ ಪ್ರಕಟವಾಯಿತು. ಇತಿಹಾಸಕಾರನ ಕೆಲಸ ಹೇಳಿದ್ದನ್ನು ನಕಲು ಮಾಡುವುದಲ್ಲ, ಸಾಕ್ಷ್ಯಕ್ಕೆ ಸರಿಯಾದ ಪ್ರಶ್ನೆ ಕೇಳುವುದು ಎಂದು ವಿವರಿಸಲು ಅವರು ಒಂದು ಕೊಲೆ ತನಿಖೆಯ ಕಥೆಯನ್ನೇ ಕಟ್ಟಿದ್ದಾರೆ. ಒಬ್ರಾ ಡಿನ್ ಆಡುವವರು ಗೊತ್ತಿಲ್ಲದೆಯೇ ಆ ಪಾಠವನ್ನು ಅಭ್ಯಾಸ ಮಾಡುತ್ತಾರೆ. ಕಂಡದ್ದು ಬೇರೆ, ಅದರಿಂದ ತಿಳಿದದ್ದು ಬೇರೆ ಎಂಬ ವ್ಯತ್ಯಾಸ ಅವರ ಬೆರಳಿಗೇ ರೂಢಿಯಾಗುತ್ತದೆ.

ಗಡಿಯಾರದ ಮಿತಿಯಿಂದಲೇ ಕಥೆ ಎಷ್ಟು ಬೆಳೆಯುತ್ತದೆ ನೋಡಿ. ಹೆಣವಿಲ್ಲದೆ ನೆನಪಿಲ್ಲ. ಆದ್ದರಿಂದ ಹಡಗಿನಿಂದ ಬದುಕಿ ಪಾರಾದವರ ವಿಷಯದಲ್ಲಿ ಗಡಿಯಾರ ಮೂಕ. ಅವರು ಎಲ್ಲಿ ಹೋದರೆಂದು ಇತರರ ಸಾವಿನ ದೃಶ್ಯಗಳಿಂದಲೇ ಅಂದಾಜು ಮಾಡಬೇಕು. ಹಡಗಿನ ತಳದ ಒಂದು ಕೋಣೆಗೆ ಬೀಗ ಬಿದ್ದಿದೆ. ಒಳಗಿನ ಹೆಣಗಳ ಬಳಿ ಹೋಗಲಾಗದು. ವೈದ್ಯ ಹೆನ್ರಿ ಇವಾನ್ಸ್‌ಗೆ ಗಡಿಯಾರದ ಗುಣ ಗೊತ್ತು. ಆತ ತನ್ನ ಮುದ್ದಿನ ಕೋತಿಯನ್ನು ಹಗ್ಗ ಕಟ್ಟಿ ಆ ಕೋಣೆಗೆ ಬಿಟ್ಟು ಅಲ್ಲೇ ಗುಂಡಿಟ್ಟು ಕೊಲ್ಲುತ್ತಾನೆ, ಅದರ ಪಂಜವನ್ನು ಕತ್ತರಿಸಿ ಜೋಪಾನ ಮಾಡುತ್ತಾನೆ. ವರ್ಷಗಳ ಮೇಲೆ ಅದು ಪರಿಶೀಲಕರ ಕೈ ಸೇರಿದಾಗ ಬೀಗ ಹಾಕಿದ ಕೋಣೆ ತೆರೆದುಕೊಳ್ಳುತ್ತದೆ. ಸಾಕ್ಷ್ಯ ತಾನಾಗಿ ಉಳಿಯುವುದು ಅಪರೂಪ. ಯಾರೋ ಉಳಿಸಿರುತ್ತಾರೆ, ಅದಕ್ಕೆ ಬೆಲೆಯನ್ನೂ ತೆತ್ತಿರುತ್ತಾರೆ. ಈ ಕಹಿಸತ್ಯವನ್ನು ಯಂತ್ರದ ಒಂದು ನಿಯಮ ಇಷ್ಟು ಗಾಢವಾಗಿ ಹೇಳಿಸಿತು.

ಭಾರತೀಯರಾಗಿ ನಾವು ಗಮನಿಸಬೇಕಾದ ಒಂದು ಅಂಶ ಇಲ್ಲಿದೆ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ನಮ್ಮ ಕರಾವಳಿಗಳ ನಾವಿಕರು, ಲಸ್ಕರರು, ದುಡಿದು ಸತ್ತದ್ದು ಇತಿಹಾಸ. ಈ ಕಾಲ್ಪನಿಕ ಹಡಗಿನ ಪಟ್ಟಿಯಲ್ಲೂ ಭಾರತದ ನಾವಿಕರಿದ್ದಾರೆ. ಅವರಲ್ಲಿ ಸಾಲೊಮನ್ ಸೈಯದ್, ರೆನ್‌ಫ್ರೆಡ್ ರಾಜುಬ್ ಎಂಬಿಬ್ಬರು ಪಯಣದ ಆರಂಭದಲ್ಲೇ ಕಾಯಿಲೆಯಿಂದ ತೀರಿಕೊಳ್ಳುತ್ತಾರೆ. ಕಥೆಯ ದೊಡ್ಡ ಘಟನೆಗಳಲ್ಲಿ ಅವರಿಲ್ಲ. ಆದರೂ ಅವರಿಬ್ಬರು ಯಾರು ಯಾರೆಂದು ಗುರುತಿಸದೆ ಪುಸ್ತಕ ಪೂರ್ಣವಾಗುವುದಿಲ್ಲ. ಕ್ಯಾಪ್ಟನ್ನಿಗೂ ಲಸ್ಕರನಿಗೂ ಅಲ್ಲಿ ಒಂದೊಂದೇ ಸಾಲು. ಕೊನೆಯಲ್ಲಿ ಪರಿಶೀಲಕರ ವರದಿಯಂತೆ ಪ್ರತಿಯೊಬ್ಬರ ಕುಟುಂಬಕ್ಕೆ ಪರಿಹಾರವೋ ದಂಡವೋ ನಿರ್ಧಾರವಾಗುತ್ತದೆ. ಅಜಾಗರೂಕತೆಯಿಂದ ಬರೆದ ಇತಿಹಾಸದ ದಂಡವನ್ನು ತೆರುವವರು ನಿರಪರಾಧಿಗಳ ಮಕ್ಕಳು.

3. ಯಂತ್ರ ಯಾರ ಕೈಯಲ್ಲಿದೆ?

ಪುನಾರಚನೆಯ ಯಂತ್ರ ಇದೆ ಎಂದರೆ ಅದಕ್ಕೊಬ್ಬ ಯಜಮಾನನೂ ಇರುತ್ತಾನೆ. ಒಳ್ಳೆಯ ಗೇಮ್‌ಗಳು ಈ ಪ್ರಶ್ನೆಯನ್ನು ತಪ್ಪಿಸಿಕೊಂಡಿಲ್ಲ.

ಫುಲ್‌ಬ್ರೈಟ್ ಎಂಬ ಸಣ್ಣ ಸ್ಟುಡಿಯೊ 2017ರಲ್ಲಿ 'ಟಕೋಮಾ' ಹೊರತಂದಿತು. ವರ್ಷ 2088. ಎಮಿ ಫೆರಿಯರ್ ಎಂಬ ಗುತ್ತಿಗೆ ಕೆಲಸಗಾರ್ತಿ ಖಾಲಿಯಾದ ಬಾಹ್ಯಾಕಾಶ ನಿಲ್ದಾಣವೊಂದಕ್ಕೆ ಬರುತ್ತಾಳೆ. ಅಲ್ಲಿದ್ದ ಆರು ಮಂದಿಯ ದಿನನಿತ್ಯದ ಓಡಾಟವನ್ನು ಕಂಪನಿ ದಾಖಲಿಸಿಟ್ಟಿದೆ. ಎಮಿಯ ಕಣ್ಣಿಗೆ ಅವರು ಮುಖವಿಲ್ಲದ ಬಣ್ಣದ ಆಕೃತಿಗಳಾಗಿ ಕಾಣುತ್ತಾರೆ: ಅಡುಗೆಮನೆಯಲ್ಲಿ ಹರಟುತ್ತಾರೆ, ಜಗಳವಾಡುತ್ತಾರೆ, ಒಬ್ಬರೇ ಹೋಗಿ ಅಳುತ್ತಾರೆ. ದೃಶ್ಯವನ್ನು ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು. ಆದರೆ ಒಬ್ಬರ ಹಿಂದೆ ಹೋದರೆ ಪಕ್ಕದ ಕೋಣೆಯಲ್ಲಿ ಇನ್ನಿಬ್ಬರು ಆಡಿದ ಮಾತು ತಪ್ಪುತ್ತದೆ. ಮತ್ತೆ ಹಿಂದಕ್ಕೆ ಹೋಗಬೇಕು, ಬೇರೆಯವರ ಜಾಡು ಹಿಡಿಯಬೇಕು. ಒಂದೇ ಗಳಿಗೆಗೆ ಹಲವು ಸತ್ಯಗಳಿರುವುದನ್ನು ಮೈಯ ಚಲನೆಯಿಂದಲೇ ಕಲಿಸುವ ಕಥನ ಇದು. ನಿಲ್ದಾಣಕ್ಕೆ ಬಂದೊದಗಿದ ಅಪಘಾತ ಕಂಪನಿಯದೇ ಸಂಚು ಎಂದು ಕೊನೆಗೆ ತಿಳಿಯುತ್ತದೆ. ನೌಕರರ ಪ್ರತಿ ಉಸಿರನ್ನೂ ದಾಖಲಿಸಿದ ಯಜಮಾನನೇ ಆ ದಾಖಲೆಯ ಒಡೆಯ ಕೂಡ. ದಾಖಲೆ ನಿಜ ಹೇಳುತ್ತಿದ್ದರೂ ಅದನ್ನು ತೆರೆಯುವ ಅಧಿಕಾರ ಯಾರದು ಎಂಬಲ್ಲಿ ನ್ಯಾಯ ಅಡಗಿದೆ.

2012ರ 'ಅಸ್ಯಾಸಿನ್ಸ್ ಕ್ರೀಡ್: ಲಿಬರೇಶನ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ನಾಯಕಿ ಅವಲಿನ್, 18ನೆಯ ಶತಮಾನದ ನ್ಯೂ ಆರ್ಲಿಯನ್ಸಿನ ಫ್ರೆಂಚ್ ತಂದೆ, ಆಫ್ರಿಕನ್ ಮೂಲದ ತಾಯಿಯ ಮಗಳು. ನಾವು ಆಡುತ್ತಿರುವುದು ಆ್ಯಬ್‌ಸ್ಟರ್ಗೊ ಕಂಪನಿಯೇ ಮಾರುಕಟ್ಟೆಗೆ ಬಿಟ್ಟ ಮನರಂಜನೆ ಎಂಬುದು ಕಥೆಯ ಚೌಕಟ್ಟು. ನಡುನಡುವೆ ಒಬ್ಬ ಅನಾಮಿಕ ಒಳನುಗ್ಗಿ, ಕಂಪನಿ ಕತ್ತರಿಸಿದ ತುಣುಕುಗಳನ್ನು ತೋರಿಸುತ್ತಾನೆ. ಅದೇ ದೃಶ್ಯ ಬೇರೆ ಅರ್ಥ ಪಡೆಯುತ್ತದೆ. ಅನಿಮಸ್ ಸುಳ್ಳು ಹೇಳದೆಯೂ, ಕತ್ತರಿಯೊಂದರಿಂದಲೇ, ಗತವನ್ನು ತಿರುಚಬಲ್ಲದು ಎಂದು ಆ ಸರಣಿ ಇಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು.

4. ನೆನಪನ್ನು ತಿದ್ದುವ ಕೈ

ಡೋಂಟ್‌ನಾಡ್ ಸ್ಟುಡಿಯೊದ 'ರಿಮೆಂಬರ್ ಮಿ' 2013ರಲ್ಲಿ ಬಂತು. 2084ರ ಪ್ಯಾರಿಸ್‌ನಲ್ಲಿ ನಿಲಿನ್ ಎಂಬಾಕೆ ಇತರರ ನೆನಪಿನೊಳಗೆ ಹೊಕ್ಕು ಸಣ್ಣ ಸಣ್ಣ ವಿವರಗಳನ್ನು ಬದಲಿಸಬಲ್ಲಳು. ಕೊಲ್ಲಲು ಬಂದ ಓಲ್ಗಾ ಎಂಬ ಬೇಟೆಗಾರ್ತಿಯ ನೆನಪಿನಲ್ಲಿ, ಚಿಕಿತ್ಸೆ ಪಡೆಯುತ್ತಿರುವ ಗಂಡನನ್ನು ವೈದ್ಯ ಸಾಯಿಸಿದಂತೆ ತಿದ್ದುತ್ತಾಳೆ. ಆತ ನಿಜಕ್ಕೆ ಬದುಕಿದ್ದಾನೆ. ಕಣ್ಣು ಬಿಟ್ಟ ಓಲ್ಗಾ ನಿಲಿನ್‌ಳ ಪಕ್ಷ ಸೇರುತ್ತಾಳೆ. ಗೆದ್ದ ಆಟಗಾರನಿಗೆ ಇರಿಸುಮುರಿಸಾಗುತ್ತದೆ. ಆಗಬೇಕು ಎಂದೇ ಕಟ್ಟಿದ ದೃಶ್ಯ ಅದು.

ಇದು ಬರೀ ಕಲ್ಪನೆ ಎಂದು ತಳ್ಳಿಹಾಕುವಂತಿಲ್ಲ. 1974ರಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಒಂದು ಪ್ರಯೋಗದಲ್ಲಿ ಕಾರು ಅಪಘಾತದ ಚಿತ್ರ ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ಕೆಲವರಿಗೆ ಕಾರುಗಳು ಗುದ್ದಿದಾಗ ಎಂದರು, ಕೆಲವರಿಗೆ ಅಪ್ಪಳಿಸಿದಾಗ ಎಂದರು. ಒಂದು ವಾರದ ಬಳಿಕ ಒಡೆದ ಗಾಜು ನೋಡಿದಿರಾ ಎಂದು ವಿಚಾರಿಸಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಅಪ್ಪಳಿಸಿದ ಎಂಬ ಪ್ರಶ್ನೆ ಕೇಳಿಸಿಕೊಂಡ 50 ಮಂದಿಯಲ್ಲಿ 16 ಮಂದಿ ನೋಡಿದೆವು ಎಂದರು. ಗುದ್ದಿದ ಎಂದು ಕೇಳಿಸಿಕೊಂಡ 50ರಲ್ಲಿ 7 ಮಂದಿ. ನೆನಪು ಪೆಟ್ಟಿಗೆಯಲ್ಲಿ ಇಟ್ಟ ವಸ್ತುವಲ್ಲ. ತೆರೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುತ್ತದೆ. ನಿಲಿನ್‌ಳ ಯಂತ್ರ ಮಾಡುವುದನ್ನು ಒಂದು ಪ್ರಶ್ನೆಯೂ ಮಾಡಬಲ್ಲದು. ಪೊಲೀಸ್ ಠಾಣೆಯಲ್ಲಿ, ನ್ಯಾಯಾಲಯದಲ್ಲಿ, ಮನೆಯ ಜಗುಲಿಯಲ್ಲಿ ದಿನವೂ ಇದು ನಡೆಯುತ್ತದೆ.

5. ಕಲ್ಪನೆಯಿಂದ ಕಲ್ಲಿಗೆ

ಕಾಲ್ಪನಿಕ ಯಂತ್ರದ ಮಾತು ನಿಜಲೋಕಕ್ಕೆ ಬಂದು ಮುಟ್ಟಿದ ಒಂದು ಸಂದರ್ಭ ನಿಮಗೆ ನೆನಪಿರಬಹುದು. 2019ರ ಏಪ್ರಿಲ್ 15ರಂದು ಪ್ಯಾರಿಸ್‌ನ ನಾತ್ರ್‌ದಾಮ್ ಚರ್ಚಿಗೆ ಬೆಂಕಿ ಬಿತ್ತು. ಅದರ ಗೋಪುರ ಕುಸಿಯಿತು. 2014ರ 'ಅಸ್ಯಾಸಿನ್ಸ್ ಕ್ರೀಡ್: ಯೂನಿಟಿ'ಯಲ್ಲಿ ಫ್ರೆಂಚ್ ಕ್ರಾಂತಿಯ ಕಾಲದ ನಾತ್ರ್‌ದಾಮ್ ಇತ್ತು. ಕರೊಲಿನ್ ಮಿಯೂಸ್ ಎಂಬ ಕಲಾವಿದೆ ಅದಕ್ಕಾಗಿ ಸುಮಾರು ಎರಡು ವರ್ಷ ದುಡಿದಿದ್ದರು. ಯೂಬಿಸಾಫ್ಟ್ ಜೀರ್ಣೋದ್ಧಾರಕ್ಕೆ 5 ಲಕ್ಷ ಯೂರೊ ಕೊಟ್ಟಿತು, ಗೇಮನ್ನು ಒಂದು ವಾರ ಉಚಿತವಾಗಿ ಹಂಚಿತು. ಗೇಮಿನಿಂದಲೇ ಚರ್ಚನ್ನು ಮರಳಿ ಕಟ್ಟಬಹುದು ಎಂಬ ಸುದ್ದಿ ಲೋಕವೆಲ್ಲ ಹರಡಿತು. ಆದರೆ ಅದು ಸರಿಯಲ್ಲ.

ಗೇಮಿನ ನಾತ್ರ್‌ದಾಮಿನ ಮೇಲೆ ಒಂದು ಚೂಪು ಗೋಪುರವಿದೆ. ವಿಯೊಲೆ ಲ ದ್ಯೂಕ್ ಎಂಬ ವಾಸ್ತುಶಿಲ್ಪಿ ಅದನ್ನು ಕಟ್ಟಿಸಿದ್ದು 19ನೆಯ ಶತಮಾನದ ನಡುವೆ. ಮಧ್ಯಯುಗದ ಹಳೆಯ ಗೋಪುರವನ್ನು ಶಿಥಿಲವಾಯಿತೆಂದು 18ನೆಯ ಶತಮಾನದ ಕೊನೆಗೆ ಕೆಡವಿದ್ದರು. ಅಂದರೆ ಕ್ರಾಂತಿಯ ಕಾಲದ ಜನ ಕಂಡಿರದ ಗೋಪುರ ಗೇಮಿನಲ್ಲಿದೆ, ಏಕೆಂದರೆ ಅದಿಲ್ಲದ ನಾತ್ರ್‌ದಾಮನ್ನು ಇಂದಿನವರು ಗುರುತಿಸುವುದು ಕಷ್ಟ. ಚರ್ಚಿನ ನಿಖರ ಅಳತೆ ಉಳಿದದ್ದು ಬೇರೆ ಕಡೆ. ಕಲಾ ಇತಿಹಾಸಕಾರ ಆ್ಯಂಡ್ರೂ ಟ್ಯಾಲನ್ 2010ರಲ್ಲಿ ಲೇಸರ್ ಸ್ಕ್ಯಾನರಿನಿಂದ ಒಳಹೊರಗೆಲ್ಲ 100 ಕೋಟಿಗೂ ಹೆಚ್ಚು ಬಿಂದುಗಳನ್ನು ಅಳೆದಿಟ್ಟಿದ್ದರು. ಬೆಂಕಿ ಬೀಳುವ ಮುನ್ನವೇ, 2018ರಲ್ಲಿ, ಅವರು ತೀರಿಕೊಂಡರು.

ಕಲಾವಿದೆಯ ಶ್ರಮವನ್ನು ಕಿರಿದು ಮಾಡಲು ಇದನ್ನು ಹೇಳುತ್ತಿಲ್ಲ. ಅವರದು ಕಥೆಗಾಗಿ ಕಟ್ಟಿದ ಚರ್ಚ್. ಟ್ಯಾಲನ್ ಅವರದು ಸಾಕ್ಷ್ಯಕ್ಕಾಗಿ ಅಳೆದ ಚರ್ಚ್. ಎರಡೂ ಬೇಕು. ಯಾವುದು ಯಾವುದೆಂದು ನೋಡುವವನಿಗೆ ಗೊತ್ತಿರಬೇಕು, ಅಷ್ಟೆ. ಅದೇ ಯೂಬಿಸಾಫ್ಟ್ 2018ರಲ್ಲಿ ಪ್ರಾಚೀನ ಈಜಿಪ್ಟಿನ ಗೇಮಿಗೆ 'ಡಿಸ್ಕವರಿ ಟೂರ್' ಎಂಬ ಶೈಕ್ಷಣಿಕ ಭಾಗ ಸೇರಿಸಿತು. ಅಲ್ಲಿ ಶಾಲೆಯ ದೃಶ್ಯದಲ್ಲಿ ಹುಡುಗಿಯರೂ ಹುಡುಗರೂ ಜೊತೆಗೆ ಕೂತಿದ್ದಾರೆ. ಇತಿಹಾಸದಲ್ಲಿ ಹೀಗಿರಲಿಲ್ಲ, ಇದು ನಮ್ಮ ಆಯ್ಕೆ ಎಂದು ತಯಾರಕರು ಅಲ್ಲೇ ಟಿಪ್ಪಣಿ ಹಾಕಿದರು. ಆ ಟಿಪ್ಪಣಿ ನನಗೆ ಇಡೀ ಪಿರಮಿಡ್ಡಿಗಿಂತ ಅಮೂಲ್ಯ ಎನಿಸುತ್ತದೆ.

6. ಚುಕ್ಕಿಗಳ ಶಿಸ್ತು

ನಮ್ಮ ಶಾಸನ ವಿದ್ವಾಂಸರು ಈ ಶಿಸ್ತನ್ನು ಬಹಳ ಹಿಂದೆಯೇ ರೂಢಿಸಿಕೊಂಡರು. ಶಾಸನ ಸಂಪುಟಗಳನ್ನು ತೆರೆದು ನೋಡಿ. ಕಲ್ಲಿನಲ್ಲಿ ಸವೆದುಹೋದ ಅಕ್ಷರದ ಜಾಗದಲ್ಲಿ ಚುಕ್ಕಿಗಳಿರುತ್ತವೆ. ಸಂಪಾದಕರು ಊಹಿಸಿ ಸೇರಿಸಿದ್ದು ಕಂಸದೊಳಗೆ ಇರುತ್ತದೆ. ಕಲ್ಲು ಹೇಳಿದ್ದೆಷ್ಟು, ತಾನು ಹೇಳಿದ್ದೆಷ್ಟು ಎಂದು ವಿದ್ವಾಂಸ ಓದುಗನ ಮುಂದೆ ಲೆಕ್ಕ ಒಪ್ಪಿಸುತ್ತಾನೆ. ಇಂದು ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಬರಿಗಣ್ಣಿಗೆ ಕಾಣದ ಅಕ್ಷರವೂ ಅದರಲ್ಲಿ ಓದಲು ಸಿಗುತ್ತದೆ. ಯಂತ್ರ ಚುರುಕಾದಷ್ಟೂ ಚುಕ್ಕಿಯ ಅಗತ್ಯ ಹೆಚ್ಚುತ್ತದೆ.

ಏಕೆಂದರೆ ಕಾಲ್ಪನಿಕ ಯಂತ್ರಗಳು ಕಥೆಯಿಂದ ಹೊರಬಂದು ನಮ್ಮ ಜೇಬು ಸೇರಿವೆ. ತೀರಿಕೊಂಡವರ ಹಳೆಯ ಫೋಟೊ ಕಣ್ಣು ಮಿಟುಕಿಸಿ ನಗುವಂತೆ ಮಾಡುವ ಸೌಲಭ್ಯವನ್ನು ಮೈಹೆರಿಟೇಜ್ ಸಂಸ್ಥೆ 2021ರಲ್ಲೇ ತಂದಿತು. ಈಗ ಧ್ವನಿಯನ್ನೂ ಕಟ್ಟಬಹುದು. ಆ ನಗು ಅವರದಲ್ಲ, ಯಂತ್ರ ತುಂಬಿದ್ದು. ಆದರೆ ಅಲ್ಲಿ ಚುಕ್ಕಿಯೂ ಇಲ್ಲ, ಕಂಸವೂ ಇಲ್ಲ. ನಾಳೆ ಒಬ್ಬ ರಾಜನ ಭಾಷಣವನ್ನು, ಒಂದು ಗಲಭೆಯ ದೃಶ್ಯವನ್ನು ಹೀಗೇ ಕಟ್ಟಿ ಮಕ್ಕಳ ಮುಂದೆ ಇಟ್ಟರೆ ಅವರು ಏನು ಕೇಳಬೇಕು? ಒಬ್ರಾ ಡಿನ್ ಆಡಿದ ಹುಡುಗಿಗೆ ಆ ಪ್ರಶ್ನೆಗಳು ಗೊತ್ತು: ಉಳಿದದ್ದು ಯಾವುದು? ತುಂಬಿದ್ದು ಯಾವುದು? ತುಂಬಿದವರು ಯಾರು? ಅವರಿಗೆ ಅದರಿಂದ ಲಾಭವೇನು?

ಕೊನೆಯದಾಗಿ ಇಲ್ಲಿರುವ ಅಧ್ಯಾಪಕರಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಒಂದು ಶಾಸನವನ್ನೋ, ಒಂದು ಹಳೆಯ ಕೆರೆಯ ಕಥೆಯನ್ನೋ ಎತ್ತಿಕೊಂಡು ಸಣ್ಣ ಗೇಮ್ ಕಟ್ಟಿ. ಟ್ವೈನ್‌ನಂಥ ಉಚಿತ ಸಾಧನದಲ್ಲಿ ಕನ್ನಡದಲ್ಲೇ ಬರೆಯಬಹುದು, ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ. ಆದರೆ ಒಂದು ನಿಯಮ ಇಟ್ಟುಕೊಳ್ಳಿ. ಗೊತ್ತಿಲ್ಲದ ಕಡೆ ನಿಮ್ಮ ಯಂತ್ರ ಸುಮ್ಮನಾಗಲಿ. ಊಹಿಸಿದ ಕಡೆ ಊಹೆ ಎಂದು ಹೇಳಲಿ. ಆಟಗಾರನಿಗೆ ತಪ್ಪು ಮಾಡಲು, ತಿದ್ದಿಕೊಳ್ಳಲು ಅವಕಾಶ ಕೊಡಲಿ. ಅಂಥ ಗೇಮ್ ಆಡಿ ಬೆಳೆದ ಪೀಳಿಗೆಯನ್ನು ಗತದ ಹೆಸರಿನಲ್ಲಿ ಮೋಸಗೊಳಿಸುವುದು ಸುಲಭವಾಗದು. ಕಥನ ಕಲೆ ಸಮಾಜಕ್ಕೆ ಮಾಡಬಹುದಾದ ಇಷ್ಟು ದೊಡ್ಡ ಉಪಕಾರವನ್ನು ನಾವು ಕನ್ನಡದಲ್ಲೂ ಮಾಡಬಲ್ಲೆವು, ಮಾಡಬೇಕು.